ಚಿಟ್ಟೆಗೆ ಇಲ್ಲದ ಮಾತ್ರೆ

ಮೊನ್ನೆ ಕೂಟಗಲ್ ಹತ್ತಿರದ ಒಂದು ಹಳ್ಳಿಗೆ ನಾಮಕರಣಕ್ಕೆ ಹೋಗಿದ್ದೆ. ಊಟ ಮುಗಿಸಿ ಕೈತೊಳೆಯಲು ಹಿತ್ತಲಿಗೆ ಹೋದರೆ ಪಕ್ಕದಲ್ಲೇ ಹುಳದ ಮನೆ. ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ರೇಷ್ಮೆಹುಳದ ಹಿಕ್ಕೆಯ ವಾಸನೆ, ಸುಣ್ಣದ ಪುಡಿಯ ವಾಸನೆ, ಮೂರೂ ಸೇರಿ ಮೂಗಿಗೆ ಬಡಿದವು. ಹುಳ ಸಾಕದವರಿಗೆ ಅದು ನಾತ. ನನಗೂ ಒಂದು ಕಾಲಕ್ಕೆ ನಾತವೇ. ಈಗ ಮಾತ್ರ ಚೊಂಬು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಮಾಗಡಿಯಲ್ಲಿ ಕಳೆದ ಆ ವರ್ಷ, ಭಾಗ್ಯ, ಅವಳ ಅತ್ತೆ ನಿಂಗಮ್ಮ, ಎಲ್ಲರೂ ಒಟ್ಟಿಗೆ ನೆನಪಿಗೆ ನುಗ್ಗಿದರು. ಈ ಹೆಸರುಗಳು ನಾನಿಟ್ಟವು. ಅವರ ಊರಿನ ಹೆಸರನ್ನಂತೂ ಹೇಳುವುದೇ ಇಲ್ಲ, ಯಾರೂ ಕೇಳಬೇಡಿ.

ನಾನು ಚನ್ನಪಟ್ಟಣದವಳು. ಮಾಗಡಿಯ ಆಸ್ಪತ್ರೆಗೆ ಆಪ್ತಸಮಾಲೋಚಕಿಯಾಗಿ ಹೋದಾಗ ಹೊಸ ಹುರುಪು, ಅದರ ಜೊತೆಗೆ ಹುಟ್ಟಿನಿಂದ ಬಂದ ಜಗಳಗಂಟಿ ಬಾಯಿ. ಬಸುರಿ ಹೆಂಗಸರು ಮೊದಲ ತಪಾಸಣೆಗೆ ಬಂದಾಗ ರಕ್ತದ ಗುಂಪು, ಸಕ್ಕರೆ ನೋಡುವ ಹಾಗೆ ಎಚ್‌ಐವಿಯನ್ನೂ ನೋಡುತ್ತಾರೆ. ಪರೀಕ್ಷೆ ಯಾಕೆ ಎಂದು ಮೊದಲು ಹೇಳಿ ಒಪ್ಪಿಸುವುದು, ಫಲಿತಾಂಶ ಬಂದ ಮೇಲೆ ಎದುರಿಗೆ ಕೂರಿಸಿಕೊಂಡು ಮಾತಾಡುವುದು ನನ್ನ ಕೆಲಸ. ನನ್ನನ್ನು ನೋಡಲು ಬಂದ ಗಂಡಿನ ಕಡೆಯವರಿಗೆ ಇದನ್ನು ವಿವರಿಸುವಷ್ಟರಲ್ಲಿ ಉಪ್ಪಿಟ್ಟು ಆರಿಹೋಗುತ್ತಿತ್ತು, ಅವರ ಉತ್ಸಾಹವೂ ಆರಿಹೋಗುತ್ತಿತ್ತು. ಅಮ್ಮ ಮಾತ್ರ ಫೋನಿನಲ್ಲಿ ನನಗೇ ಬೈಯುತ್ತಿದ್ದರು.

ನನ್ನ ಕೋಣೆ ಇಂಜೆಕ್ಷನ್ ಕೊಡುವ ಕೋಣೆಗೆ ಅಂಟಿಕೊಂಡಿತ್ತು. ನಡುವೆ ಅರ್ಧ ಎತ್ತರದ ಪ್ಲೈವುಡ್ ಗೋಡೆ. ಇಲ್ಲಿ ಪಿಸುಗುಟ್ಟಿದರೆ ಅಲ್ಲಿ ಸೂಜಿ ಚುಚ್ಚಿಸಿಕೊಳ್ಳುವವರಿಗೂ ಕೇಳುತ್ತಿತ್ತು. ಗುಟ್ಟು ಕಾಯಬೇಕಾದ ಕೋಣೆಗೆ ಗೋಡೆಯೇ ಇಲ್ಲವೆಂದರೆ ಹೇಗೆ ಸ್ವಾಮಿ ಎಂದು ಸಿಕ್ಕವರ ಜೊತೆಯೆಲ್ಲ ಜಗಳಾಡಿದೆ. ಕೊನೆಗೆ ಲ್ಯಾಬಿನ ಅಸ್ಲಂ ಭಾಯಿ ಎಲ್ಲಿಂದಲೋ ಇನ್ನೊಂದು ಹಲಗೆ ತಂದು ಮೇಲಕ್ಕೆ ಹೊಡೆಸಿದರು. ರಾಮನಗರದಲ್ಲಿ ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಮನೆತನದವರು, ಮಾತು ಕಡಿಮೆ. "ಇನ್ಮೇಲಾದ್ರೂ ಒಸಿ ಸುಮ್ನಿರಮ್ಮ, ನಿನ್ ಗಲಾಟೆಗೆ ಸ್ಲೈಡು ನಡುಗ್ತಾವೆ" ಎಂದು ನಕ್ಕರು.

ಭಾಗ್ಯ ಬಂದದ್ದು ಜ್ಯೇಷ್ಠ ಮುಗಿಯುವ ಹೊತ್ತಿಗೆ. ಸಾವನದುರ್ಗದ ಕಡೆಯಿಂದ ಗಾಳಿ ಎದ್ದು, ಮಳೆ ಬರುತ್ತೇನೆ ಎನ್ನುತ್ತಲೇ ಬಾರದೆ ಸತಾಯಿಸುತ್ತಿದ್ದ ದಿನಗಳು. ಅವಳಿಗೆ ಚೊಚ್ಚಲು, ನಾಲ್ಕು ತಿಂಗಳು. ತವರು ಕನಕಪುರದ ಕಡೆ, ಕೊಟ್ಟದ್ದು ಮಾಗಡಿ ತಾಲ್ಲೂಕಿನ ಬಿತ್ತನೆ ಗೂಡು ಬೆಳೆಯುವ ಒಕ್ಕಲಿನ ಮನೆಗೆ. ಬಿತ್ತನೆ ಗೂಡು ಎಂದರೆ ನೂಲಿಗಲ್ಲ, ಮೊಟ್ಟೆಗೆ. ಆ ಗೂಡಿನಿಂದ ಚಿಟ್ಟೆ ಬಂದು ಇಟ್ಟ ಮೊಟ್ಟೆಯೇ ಮುಂದೆ ರೈತರ ಮನೆಗೆ ಹೋಗುವುದು. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ನಗುನಗುತ್ತ ಬಂದು ಕೂತ ಹುಡುಗಿ, ಕೈತುಂಬ ಹಸಿರು ಬಳೆ, ಉಗುರಿನ ಸಂದಿಯಲ್ಲಿ ಸೊಪ್ಪಿನ ಕರೆ ಇದ್ದದ್ದು ಮಾತ್ರ ನೋಡಿದ್ದೆ.

ಮೊದಲ ಪರೀಕ್ಷೆಯಲ್ಲಿ ಎಚ್‌ಐವಿ ಇದೆ ಎನ್ನುವ ಗೆರೆ ಕಂಡಿತು. ಅಸ್ಲಂ ಭಾಯಿ ಬೇರೆ ಕಿಟ್‌ಗಳಲ್ಲೂ ಮಾಡಿ ನೋಡಿ ನನ್ನ ಬಾಗಿಲಿಗೆ ಬಂದು ನಿಂತರು. ಅವರು ಮಾತಾಡದೆ ನಿಂತರೆಂದರೆ ನನಗೆ ಅರ್ಥವಾಗುತ್ತಿತ್ತು. ಭಾಗ್ಯಳನ್ನು ಕೂರಿಸಿ ಹೇಳಿದೆ. ಕಾಯಿಲೆ ಇದೆ, ಆದರೆ ದಿನಾ ಒಂದು ಮಾತ್ರೆ ನುಂಗಿದರೆ ಎಲ್ಲರ ಹಾಗೆ ಬದುಕಬಹುದು. ತಾಯಿಯಿಂದ ಹೊಟ್ಟೆಯ ಮಗುವಿಗೆ ಬರುವ ಭಯವಿದೆ, ಆದರೆ ಮಾತ್ರೆ ಬೇಗ ಶುರು ಮಾಡಿದರೆ ಬಹುಪಾಲು ತಡೆಯಬಹುದು. ಗಂಡನನ್ನೂ ಕರೆದು ತಾ, ಅವನಿಗೂ ಪರೀಕ್ಷೆ ಆಗಲಿ. ಅವಳು ಅಳಲಿಲ್ಲ. ನಾನು ಹೇಳಿದ್ದಕ್ಕೆಲ್ಲ "ಸರಿ ಅಕ್ಕ, ಆಯ್ತು ಅಕ್ಕ" ಎಂದಳು. ಗಂಡ ಶಿವಲಿಂಗ ಮಾರನೆಯ ದಿನವೇ ಬಂದು ಪರೀಕ್ಷೆ ಮಾಡಿಸಿಕೊಂಡ. ಅವನಿಗೂ ಇತ್ತು. ಸೋಮವಾರ ಇಬ್ಬರೂ ರಾಮನಗರದ ಆಸ್ಪತ್ರೆಗೆ ಹೋಗಿ ಮಾತ್ರೆ ಶುರು ಮಾಡುವುದೆಂದು ಗೊತ್ತಾಯಿತು.

ಸೋಮವಾರ ಅವನೊಬ್ಬನೇ ಹೋಗಿದ್ದ. ಭಾಗ್ಯ ಬರಲಿಲ್ಲ, ಫೋನು ಸ್ವಿಚ್ಡ್ ಆಫ್. ಶಿವಲಿಂಗನನ್ನು ಕೇಳಿದರೆ "ಅವ್ಳು ಮಾತೇ ಆಡಕಿಲ್ಲ ಮೇಡಂ. ಹುಳದ ಮನೆಗೂ ಕಾಲಿಡಕಿಲ್ಲ. ಏನಾರ ಅಂದ್ರೆ ಎದ್ದು ಹೊಯ್ತಾಳೆ" ಎಂದು ಕಣ್ಣಲ್ಲಿ ನೀರು ತಂದುಕೊಂಡ. ಹೊಟ್ಟೆಯ ಮಗುವಿಗೆ ಒಂದೊಂದು ದಿನವೂ ಮುಖ್ಯ. ನನಗೆ ತಡೆಯಲಾಗಲಿಲ್ಲ. ಕೆಂಪಾಪುರದ ಕಡೆಯ ಬಸ್ಸು ಹತ್ತಿ, ಅವರ ಊರಿನ ಗೇಟಿನಲ್ಲಿ ಇಳಿದು, ದಾರಿ ಕೇಳಿಕೊಂಡು ಹೋದೆ.

ಮನೆಯ ಮುಂದೆ ನಿಂಗಮ್ಮ. ಸಣ್ಣ ಆಳು, ದೊಡ್ಡ ಗಂಟಲು. ಆಸ್ಪತ್ರೆಯವಳು, ನಿಮ್ಮ ಸೊಸೆಗೆ ರಕ್ತ ಕಮ್ಮಿಯಿದೆ, ಮಾತ್ರೆ ನುಂಗುತ್ತಿದ್ದಾಳೋ ನೋಡಲು ಬಂದೆ ಎಂದು ಸುಳ್ಳು ಹೇಳಿದೆ. "ಹುಳ ಜ್ವರಕ್ಕೆ ಕೂತವೆ, ಆ ಕಡೀಕೆ ಮಾತ್ರ ಹೋಗ್ಬ್ಯಾಡಿ ಮೇಡಮ್ಮ. ಮಲ್ಲಿಗೆ ಹೂವ ಬ್ಯಾರೆ ಮುಡ್ಕೊಂಡಿದ್ದೀರಿ" ಎಂದು ತಡೆದರು. ಹುಳ ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಅಲುಗಾಡದೆ ಕೂರುವುದಕ್ಕೆ ಅಲ್ಲಿ ಜ್ವರ ಅನ್ನುತ್ತಾರೆ. ಆಗ ಹೊರಗಿನವರು ಒಳಗೆ ಕಾಲಿಡುವ ಹಾಗಿಲ್ಲ, ಹೂವು, ಪೌಡರು, ಒಗ್ಗರಣೆ, ಯಾವ ವಾಸನೆಯೂ ಹೋಗುವ ಹಾಗಿಲ್ಲ. ಆಮೇಲೆ ಸೊಸೆಯ ಮೇಲಿನ ದೂರು ಶುರುವಾಯಿತು. "ಅವ್ಳ ಕೈಗುಣ ಚಂದಾಗಿತ್ತು. ಅವ್ಳು ಬಂದ್ ಮ್ಯಾಲೆ ಒಂದ್ ಬೆಳೆನೂ ಕೆಟ್ಟಿರ್ನಿಲ್ಲ. ಈಗ ನೋಡಿ, ಹುಳದ ಮನೆ ಬಾಗ್ಲಿಗೂ ಬರಕಿಲ್ಲ. ಬಸುರಿ ಅಂತ ಸುಮ್ಕಿದೀನಿ. ಇಲ್ದಿದ್ರೆ ಗ್ರಾಚಾರ ಬುಡಿಸ್ತಿದ್ದೆ."

ಭಾಗ್ಯ ಸೊಪ್ಪಿನ ತೋಟದಲ್ಲಿದ್ದಳು. ಸೊಪ್ಪು ಕೊಯ್ಯುತ್ತಿರಲಿಲ್ಲ, ಬದುವಿನ ಮೇಲೆ ಸುಮ್ಮನೆ ಕೂತಿದ್ದಳು. ಬರಲಿಲ್ಲವೇಕೆ ಎಂದು ಗದರಿದೆ. ನೆಲ ಕೆರೆಯುತ್ತ, "ತೆಗೆಸ್ಬುಡ್ತೀನಿ ಅಕ್ಕ" ಎಂದಳು.

"ಯಾಕೆ? ಮಗು ಬೇಡ್ವಾ ನಿನಗೆ?"

"ಬೇಕು ಅಂದ್ರೆ ಸಿಕ್ಕೀತಾ? ನಾನ್ ಮದ್ವೆಗ್ ಮುಂಚೆ ಮೊಟ್ಟೆ ಮಾಡೋ ಕೇಂದ್ರದಲ್ಲಿ ಕೂಲಿಗೋಯ್ತಿದ್ದೆ ಅಕ್ಕ. ನಂಗೊತ್ತು."

ಆಗ ಅವಳು ಹೇಳಿದ್ದನ್ನು ನಾನು ಈವರೆಗೆ ಮರೆತಿಲ್ಲ. ಹುಳಕ್ಕೆ ಗಂಟು ರೋಗ ಅಂತ ಒಂದಿದೆಯಂತೆ. ಅದು ತಾಯಿ ಚಿಟ್ಟೆಯಿಂದ ಮೊಟ್ಟೆಗೆ ಇಳಿಯುತ್ತದೆ. ಅದಕ್ಕೇ ಒಂದೊಂದು ತಾಯಿ ಚಿಟ್ಟೆಯ ಮೇಲೂ ಒಂದೊಂದು ಪುಟ್ಟ ಮುಚ್ಚಳ ಕವುಚಿ ಬೇರೆಬೇರೆಯಾಗಿ ಮೊಟ್ಟೆ ಇಡಿಸುತ್ತಾರೆ. ಇಟ್ಟಾದ ಮೇಲೆ ಆ ಚಿಟ್ಟೆಯನ್ನು ಅರೆದು, ಗಾಜಿನ ಮೇಲೆ ಸವರಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ರೋಗ ಕಂಡರೆ ಆ ಚಿಟ್ಟೆಯ ಮೊಟ್ಟೆಯನ್ನೆಲ್ಲ ಸುಡುತ್ತಾರೆ. ಚಿಟ್ಟೆ ಅರೆಯುವ ಕೆಲಸ ಭಾಗ್ಯಳದ್ದೇ ಆಗಿತ್ತು.

"ಯಾವತ್ತೂ ಒಂದ್ ಮೊಟ್ಟೆನಾದ್ರೂ ಉಳಿಸ್ಕೊಂಡಿದ್ದು ನೋಡಿಲ್ಲ ಅಕ್ಕ. ತಾಯಿಗ್ ಐತೆ ಅಂದ್ರೆ ಮುಗೀತು. ನೀವ್ ತಾಯಿಂದ ಮಗೀಗೆ ಬತ್ತದೆ ಅಂದ್ರಲ್ಲ, ಅವತ್ತೇ ನಂಗ್ ತಿಳೀತು. ಅದ್ಕೇಯ ಹುಳದ ಮನೆಗೂ ಹೋಗ್ತಿಲ್ಲ. ನನ್ ಕೈಯಿಂದ ಇಡೀ ಬೆಳೆಗೆ ತಗುಲ್ಬುಟ್ರೆ? ನಮ್ದು ಬಿತ್ತನೆ ಗೂಡು. ಊರೂರ್ಗೇ ಹೋಯ್ತದೆ."

ಕೋಣೆಯಲ್ಲಿ ಅವಳು ಸರಿ ಅಕ್ಕ, ಆಯ್ತು ಅಕ್ಕ ಅನ್ನುತ್ತಿದ್ದಾಗ ಅವಳ ಕಣ್ಣಮುಂದೆ ಮೊಟ್ಟೆ ಉರಿಯುತ್ತಿತ್ತು. ಆದರೆ ಅತ್ತು ಕೂರಲು ನಾನು ಅಲ್ಲಿಗೆ ಹೋಗಿರಲಿಲ್ಲ.

"ಅಲ್ಲ ಕಣೆ, ರೋಗ ಬಂದ ಚಿಟ್ಟೆಗೆ ಮಾತ್ರೆ ಕೊಡ್ತಿದ್ರಾ ಅಲ್ಲಿ?" ಎಂದು ಕೇಳಿದೆ.

ಇಂಥ ಪ್ರಶ್ನೆಯೂ ಉಂಟೇ ಎಂಬಂತೆ ನನ್ನನ್ನು ನೋಡಿದಳು. "ಚಿಟ್ಟೆಗ್ಯಾರು ಮಾತ್ರೆ ಕೊಡ್ತಾರೆ?"

"ನಿನಗೆ ಕೊಡ್ತಾರಲ್ಲ! ಅದಕ್ಕೇ ತಾನೇ ನಾನು ಬಸ್ಸು ಹತ್ತಿ ಬಂದಿರೋದು? ಚಿಟ್ಟೇನ ನೋಡೋದು ಮೊಟ್ಟೆ ಸುಡೋಕೆ. ನಿನ್ನನ್ನ ನೋಡಿದ್ದು ನಿನ್ನ ಮಗೂನ ಉಳಿಸೋಕೆ. ತೆಗೆಸೋದು ಬಿಡೋದು ನಿನ್ನಿಷ್ಟ, ಅದಕ್ಕೆ ನಾನು ಅಡ್ಡ ಬರಲ್ಲ. ಆದರೆ ಚಿಟ್ಟೆ ಲೆಕ್ಕ ಹಾಕ್ಕೊಂಡು ತೆಗೆಸಬೇಡ. ಇನ್ನು ಹುಳಕ್ಕೆ ಮನುಷ್ಯರ ಕಾಯಿಲೆ ಅಂಟೋ ಹಾಗಿದ್ರೆ, ನಿಮ್ಮತ್ತೆಗೆ ನೆಗಡಿ ಬಂದಾಗೆಲ್ಲ ಅಷ್ಟೂ ಹುಳ ಕೂತು ಸೀನ್ತಿರಬೇಕಿತ್ತು."

ಭಾಗ್ಯ ಫಕ್ಕನೆ ನಕ್ಕಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಮನಸಾರೆ ಅತ್ತಳು. ನಾನು ಪಕ್ಕದಲ್ಲಿ ಕೂತೆ. ಮಾರನೆಯ ದಿನ ಗಂಡನ ಜೊತೆ ರಾಮನಗರಕ್ಕೆ ಹೋಗಿ ಮಾತ್ರೆ ಶುರು ಮಾಡಿಕೊಂಡಳು.

ಶ್ರಾವಣ, ಭಾದ್ರಪದ ನೆಮ್ಮದಿಯಾಗಿ ಕಳೆದವು. ಮಳೆಯೂ ಹಿಡಿಯಿತು. ಭಾಗ್ಯ ಮತ್ತೆ ಹುಳದ ಮನೆಗೆ ಹೋಗತೊಡಗಿದಳು. ಮಾತ್ರೆಯನ್ನು ಹುಳದ ಮನೆಯ ತೊಲೆಯ ಮೇಲೆ ಇಡುತ್ತಿದ್ದಳು, ಅಲ್ಲಿ ಬಂದು ತಡಕುವವರು ಯಾರೂ ಇರಲಿಲ್ಲ. ರಾತ್ರಿಯ ಮೇವು ಹಾಕುವಾಗ ನುಂಗುತ್ತಿದ್ದಳು. ತಿಂಗಳಿಗೊಮ್ಮೆ ನನ್ನ ಕೋಣೆಗೆ ಬಂದು, ಮಗು ಒದೆಯುವುದು, ಅತ್ತೆ ಬೈಯುವುದು ಎಲ್ಲ ಹೇಳಿಹೋಗುತ್ತಿದ್ದಳು. ಎಲ್ಲಾ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಏಳನೆಯ ತಿಂಗಳು ಬಂತು.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಸೀಮಂತ ಮುಗಿಸಿ ಅಣ್ಣನೋ ಅಪ್ಪನೋ ಬಂದು ಕರೆದುಕೊಂಡು ಹೋದರೆ, ಬಾಣಂತನ ಮುಗಿಸಿಯೇ ವಾಪಸು. ಭಾಗ್ಯಳ ತವರೂರು ಮುಖ್ಯರಸ್ತೆಯಿಂದ ಬಹಳ ಒಳಗೆ, ಕಾಡಂಚು. ಒಂದೇ ಪಡಸಾಲೆಯಲ್ಲಿ ಹತ್ತಾರು ಜನ ಮಲಗುವ ಮನೆ, ಮಾತ್ರೆ ಬಚ್ಚಿಡಲು ಜಾಗವಿಲ್ಲ. ಹೆರಿಗೆಗೆ ಪಕ್ಕದೂರಿನ ಯಾವುದೋ ಸಣ್ಣ ಆಸ್ಪತ್ರೆ. ಅಲ್ಲಿ ಇವಳಿಗೆ ಇರುವುದನ್ನು ಹೇಳುವವರಿಲ್ಲ, ಹುಟ್ಟಿದ ಮಗುವಿಗೆ ತಕ್ಷಣ ರೋಗ ತಡೆಯುವ ಸಿರಪ್ ಹಾಕುವವರಿಲ್ಲ. ಅಲ್ಲಿಯವರೆಗೆ ಪಟ್ಟ ಪಾಡೆಲ್ಲ ಆ ಎರಡು ತಿಂಗಳಲ್ಲಿ ಮಣ್ಣುಪಾಲಾಗುತ್ತಿತ್ತು.

"ಹೋಗ್ನಿಲ್ಲ ಅಂದ್ರೆ ನಮ್ಮಣ್ಣ ಸುಮ್ಕಿರಕಿಲ್ಲ. ಯಾಕೆ ಅಂತ ಕೇಳ್ತಾನೆ. ನಮ್ಮತ್ತೆ ಬ್ಯಾಡ ಅಂದ್ರೆ ಮಾತ್ರ ಯಾರೂ ಎದುರಾಡಕಿಲ್ಲ" ಎಂದಳು ಭಾಗ್ಯ. ಅತ್ತೆ ಬೇಡ ಅನ್ನಬೇಕಾದರೆ ಅತ್ತೆಗೆ ತಿಳಿಯಬೇಕು. ತಿಳಿದರೆ ಮನೆಯಿಂದಲೇ ಹೊರಗೆ ಹಾಕಿಬಿಟ್ಟರೆ? ನಾನೇ ಹೇಳಿಬಿಡಲೇ ಎಂದು ನಾಲಗೆ ತುದಿಗೆ ಬಂದಿತ್ತು. ಆದರೆ ಅದು ಅವಳ ಗುಟ್ಟು, ಹೇಳುವ ಹಕ್ಕು ಅವಳದ್ದು. ಗಂಡಹೆಂಡತಿ ಇಬ್ಬರೂ ಒಂದು ವಾರ ಒದ್ದಾಡಿ ಕೊನೆಗೆ ಹೇಳುವುದೆಂದೇ ತೀರ್ಮಾನಿಸಿದರು. "ನೀವೂ ಇರ್ಬೇಕು ಅಕ್ಕ" ಎಂದಳು ಭಾಗ್ಯ.

ಹೇಳುವ ಜಾಗವನ್ನೂ ಭಾಗ್ಯಳೇ ಆರಿಸಿದ್ದಳು. ಹುಳದ ಮನೆ. ಅಲ್ಲಿಗೆ ನೆರೆಹೊರೆಯವರು ಬರುವಂತಿಲ್ಲ, ಮಾತು ಹೊರಗೆ ಕೇಳುವುದಿಲ್ಲ. ಸೊಸೆ ಹಟ ಹಿಡಿದಿದ್ದಕ್ಕೆ ನಿಂಗಮ್ಮ ಗೊಣಗುತ್ತ ನನ್ನನ್ನು ಒಳಗೆ ಬಿಟ್ಟುಕೊಂಡರು. ಮುಖದ ಪೌಡರು ತೊಳೆಸಿದರು, ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿಗೆ ಕಾಲು ಅದ್ದಿಸಿದರು. ಒಳಗೆ ತಟ್ಟೆ ತಟ್ಟೆ ಹುಳ, ಎಲ್ಲವೂ ಸೊಪ್ಪು ತಿನ್ನುವ ಸದ್ದು, ಹೊರಗೆ ಸೋನೆ ಮಳೆ ಹಿಡಿದ ಹಾಗೆ.

ಭಾಗ್ಯ ಸುತ್ತಿಬಳಸಲಿಲ್ಲ. ಕಾಯಿಲೆಯ ಹೆಸರು ಹೇಳಿದಳು. "ಅವ್ರ್ಗೂ ಐತೆ ಅತ್ತೆ" ಎಂದಳು. ನಿಂಗಮ್ಮ ಸೊಪ್ಪು ಹಾಕುತ್ತಿದ್ದವರು ಹಾಕುತ್ತಲೇ ಇದ್ದರು. ಒಂದು ಸಾಲು ಮುಗಿಸಿ ತಿರುಗಿದರು.

"ಯಾರಿಂದ ಯಾರ್ಗ್ ಬಂತು?"

ಶಿವಲಿಂಗ ತಲೆ ತಗ್ಗಿಸಿದ. ನಾನು ಬಾಯಿ ಹಾಕಿದೆ. "ಅದು ತಿಳ್ಕೊಂಡು ಏನ್ ಮಾಡ್ತೀರಮ್ಮ? ಮಗನ್ನ ಬಿಡ್ತೀರಾ, ಸೊಸೇನ ಬಿಡ್ತೀರಾ? ಒಳಗಿರೋ ಮಗೀಗೆ ಬರದ ಹಾಗೆ ಮಾಡಬಹುದು. ಅದಕ್ಕೆ ಅವಳು ಇಲ್ಲೇ ಇರಬೇಕು, ರಾಮನಗರದಲ್ಲೇ ಹೆರಿಗೆ ಆಗಬೇಕು. ಅಷ್ಟು ಕೇಳೋಕೆ ಬಂದಿದ್ದೀವಿ."

ನಿಂಗಮ್ಮ ಸೊಪ್ಪಿನ ಕುಕ್ಕೆಯನ್ನು ನೆಲಕ್ಕೆ ಕುಕ್ಕಿ ಹೊರಗೆ ಹೋದರು. ಭಾಗ್ಯ ನನ್ನ ಕೈ ಹಿಡಿದುಕೊಂಡಳು. ಎಲ್ಲ ಕೆಟ್ಟಿತು ಎಂದುಕೊಂಡೇ ನಾನು ಬಸ್ಸು ಹತ್ತಿದೆ.

ಮುಂದಿನದ್ದನ್ನು ಹೇಳಿದವಳು ಭಾಗ್ಯಳೇ. ಮಾರನೆಯ ಬೆಳಿಗ್ಗೆಯಿಂದ ಅವಳಿಗೂ ಗಂಡನಿಗೂ ಬೇರೆ ತಟ್ಟೆ, ಬೇರೆ ಲೋಟ. ಅತ್ತೆ ಮಾತಿಲ್ಲ ಕಥೆಯಿಲ್ಲ. ಮನೆಯಲ್ಲೇ ಸಣ್ಣದಾಗಿ ಸೀಮಂತ ನಡೆಯಿತು. ಅದಾದ ಮೇಲೆ ಅಣ್ಣ ಕಾರು ಮಾಡಿಕೊಂಡು ಕರೆಯಲು ಬಂದ. ನಿಂಗಮ್ಮ ಬಾಗಿಲಿಗೆ ಅಡ್ಡ ನಿಂತು, "ಹುಳ ಜ್ವರದಿಂದೆದ್ದವೆ, ಮೇವಾಕಾಕೆ ಕೈ ಸಾಲ್ದು, ಕಳ್ಸಾಕಾಗಕಿಲ್ಲ" ಎಂದುಬಿಟ್ಟರು. ಅಣ್ಣ ಕೂಗಾಡಿದ. "ಬಸುರಿ ಹೆಂಗ್ಸನ್ನ ಹುಳ ಮೇಯ್ಸಾಕೆ ಮಡೀಕೊಂಡಿದ್ದೀರಲ್ಲ, ಮನುಷ್ಯರಾ ನೀವು?" ಎಂದ. ಬೀದಿಯ ಹೆಂಗಸರೆಲ್ಲ ಸೇರಿದರು. ಗೂಡಿನ ಆಸೆಗೆ ಸೊಸೆಯನ್ನು ತವರಿಗೆ ಕಳಿಸದ ರಾಕ್ಷಸಿ ಎಂದು ಊರೆಲ್ಲ ಆಡಿಕೊಂಡಿತು. ನಿಂಗಮ್ಮ ಅಷ್ಟನ್ನೂ ಉಂಡರು. ನಿಜವಾದ ಕಾರಣವನ್ನು ಬಾಯಿಬಿಡಲಿಲ್ಲ. ಒಂದು ಕೈಯಲ್ಲಿ ಬೇರೆ ತಟ್ಟೆ ಇಟ್ಟ ಹೆಂಗಸು ಇನ್ನೊಂದು ಕೈಯಲ್ಲಿ ಸೊಸೆಯ ಮಾನ ಕಾದದ್ದನ್ನು ನಾನು ಹೇಗೆ ಅರ್ಥಮಾಡಿಕೊಳ್ಳಲಿ? ಒಳ್ಳೆಯವರು, ಕೆಟ್ಟವರು ಎಂದು ಜನರನ್ನು ವಿಂಗಡಿಸುವ ಚಟ ನನಗೆ ಆ ವರ್ಷ ಬಿಟ್ಟುಹೋಯಿತು.

ಹೆರಿಗೆ ರಾಮನಗರದಲ್ಲಿ, ಕಾರ್ತಿಕ ಮುಗಿಯುವ ಹೊತ್ತಿಗೆ, ಮಟಮಟ ಮಧ್ಯಾಹ್ನ ಆಯಿತು. ಹೆಣ್ಣು ಮಗು. ನಾನು ಓಡೋಡಿ ಹೋಗುವಷ್ಟರಲ್ಲಿ ಮೊದಲ ಸಿರಪ್ ಹಾಕಿಯಾಗಿತ್ತು. ನಿಂಗಮ್ಮ ಸೊಂಟದ ಗಂಟಿನಿಂದ ಜೇನುತುಪ್ಪದ ಸೀಸೆ ತೆಗೆದು ಮಗುವಿಗೆ ನೆಕ್ಕಿಸಲು ಹೊರಟಿದ್ದರು. ನಾನು ಕಿರುಚಿಕೊಂಡೆ. ಆರು ತಿಂಗಳು ತಾಯಿಯ ಹಾಲು ಬಿಟ್ಟರೆ ಬೇರೇನೂ ಕೂಡದು, ನೀರು ಕೂಡ ಕೂಡದು ಎಂದೆ. "ಹಾಲಿಂದ ಬರಕಿಲ್ವಾ?" ಎಂದು ಕೇಳಿದರು. ಇವಳು ಮಾತ್ರೆ ಬಿಡದೆ ನುಂಗಿದ್ದಾಳೆ, ಡಾಕ್ಟರೇ ಕುಡಿಸಲು ಹೇಳಿದ್ದಾರೆ, ಅದರ ಜೊತೆಗೆ ಮೇಲಿನದ್ದು ಕೊಟ್ಟರೇ ಅಪಾಯ ಎಂದೆ. ಸೀಸೆಯನ್ನು ಗಂಟಿಗೆ ಸೇರಿಸಿ, ಮೂಲೆಯಲ್ಲಿ ಕೂತು, ಮೊಮ್ಮಗಳನ್ನೇ ನೋಡಿದರು. "ಥೇಟ್ ನಮ್ಮವ್ವನ್ ಮೂಗು" ಎಂದು ತಮಗೆ ತಾವೇ ಹೇಳಿಕೊಂಡರು.

ಒಂದೂವರೆ ತಿಂಗಳಿಗೆ ಮೊದಲ ಪರೀಕ್ಷೆ. ಅಸ್ಲಂ ಭಾಯಿಯೇ ಹಿಮ್ಮಡಿ ಚುಚ್ಚಿ ರಕ್ತ ತೆಗೆದರು. ಫಲಿತಾಂಶ ಬರುವವರೆಗೆ ಶಿವಲಿಂಗ ದಿನಾ ಫೋನು ಮಾಡುತ್ತಿದ್ದ. ಇಲ್ಲ ಎಂದು ಬಂತು. ಆರು ತಿಂಗಳಿಗೂ ಇಲ್ಲ. ಆದರೂ ಒಂದೂವರೆ ವರ್ಷಕ್ಕೆ ಮಾಡುವ ಪರೀಕ್ಷೆ ಆಗುವವರೆಗೆ ಪೂರ್ತಿ ಪಾರಾಯಿತು ಎನ್ನುವಂತಿಲ್ಲ. ಆರನೆಯ ತಿಂಗಳಿಗೆ ಬಂದಾಗ, ಭಾಗ್ಯ ಬಾಯಿಟ್ಟು ಕಚ್ಚಿ ಕುಡಿದಿಟ್ಟ ನೀರಿನ ಬಾಟಲಿಯನ್ನು ನಿಂಗಮ್ಮ ಎತ್ತಿ ತಾವೂ ಕಚ್ಚಿ ಕುಡಿದರು. ನಾನು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದೆ. "ಏನ್ ಹಂಗ್ ನೋಡ್ತಿಯೆ? ಬಿಸ್ಲಿಗೆ ಬಾಯಾರಿತ್ತು ಕಣವ್ವ" ಎಂದು ಗದರಿದರು. ಬೇರೆ ತಟ್ಟೆ ಯಾವಾಗ ಹೋಯಿತು ಎಂದು ನಾನು ಯಾರನ್ನೂ ಕೇಳಲಿಲ್ಲ.

ಅಷ್ಟರಲ್ಲಿ ನನಗೆ ರಾಮನಗರಕ್ಕೆ ವರ್ಗವಾಗಿತ್ತು. ಕೊನೆಯ ಪರೀಕ್ಷೆಯ ದಿನ ರಜೆ ಹಾಕಿ ಮಾಗಡಿಗೆ ಹೋದೆ. ನನ್ನ ಹಳೆಯ ಕೋಣೆಯಲ್ಲೇ ಎಲ್ಲರೂ ಕೂತಿದ್ದೆವು. ಮಗು ಮೇಜಿನ ಕಾಲು ಹಿಡಿದು ನಿಂತು, ನಡೆದು, ಬಿದ್ದು, ಮತ್ತೆ ಏಳುತ್ತಿತ್ತು. ಅಸ್ಲಂ ಭಾಯಿ ಬಂದರು. ಈ ಸಲ ಬಾಗಿಲಲ್ಲಿ ಸುಮ್ಮನೆ ನಿಲ್ಲಲಿಲ್ಲ. "ನೆಗೆಟಿವ್ ಕಣಮ್ಮ. ಪೂರಾ ನೆಗೆಟಿವ್" ಎನ್ನುತ್ತಲೇ ಒಳಗೆ ಬಂದರು.

ಶಿವಲಿಂಗ ಗೋಡೆಗೆ ಮುಖ ಮಾಡಿ ನಿಂತು ಅತ್ತ. ನನಗೂ ತಡೆಯಲಾಗಲಿಲ್ಲ, ಹೂಂ, ಅತ್ತೆ, ಅದರಲ್ಲೇನು ನಾಚಿಕೆ. ಭಾಗ್ಯ ಮಾತ್ರ ಅಳಲಿಲ್ಲ. ಮಗಳನ್ನು ಎತ್ತಿ ಮಡಿಲಲ್ಲಿ ಕೂರಿಸಿಕೊಂಡಳು. ದೊಡ್ಡ ಕೆಲಸ ಮುಗಿಸಿ ಕೂತವಳ ಮುಖದಲ್ಲಿ ಬರುವ ಆಯಾಸ ಅವಳ ಮುಖದಲ್ಲಿತ್ತು.

"ಇನ್ ನಾನ್ ಮಾತ್ರೆ ಬುಟ್ಬುಡ್ಲಾ ಅಕ್ಕ?" ಎಂದು ಕೇಳಿದಳು. "ಮಗೀಗಂತೂ ಬರ್ನಿಲ್ಲ. ಅದ್ಕೇ ತಾನೆ ನುಂಗಿದ್ದು? ಸಾಕಾಗೈತೆ. ನಂದೇನೈತೆ ಇನ್ನು."

ನಾನು ಬಾಯಿ ತೆರೆದೆ. ಅಷ್ಟರಲ್ಲೇ ನಿಂಗಮ್ಮ ಕುರ್ಚಿಯಿಂದ ಎದ್ದಿದ್ದರು.

"ಕಾಲ್ ಮುರೀತೀನಿ ನೋಡು, ಮಾತ್ರೆ ಬುಡೋ ಮಾತಾಡಿದ್ರೆ!" ಎಂದು ಅಬ್ಬರಿಸಿದರು. ಅಸ್ಲಂ ಭಾಯಿ ಹಾಕಿಸಿದ್ದ ಹಲಗೆಯ ಆಚೆಗೂ ಕೇಳಿರಬೇಕು. ಆಮೇಲೆ ದನಿ ತಗ್ಗಿಸಿ, ಸೊಸೆಯ ಮಡಿಲಿನಿಂದ ಮಗುವನ್ನು ಎತ್ತಿಕೊಂಡು, ಅದರ ಮೂಗು ಒರೆಸುತ್ತ ಹೇಳಿದರು:

"ನೀನ್ ಸತ್ತೋದ್ರೆ, ನಾಳೀಕ್ ಇವ್ಳು ಚೊಚ್ಚಲ ಬಾಣಂತನಕ್ಕೆ ಯಾವ್ ತವರಿಗ್ ಬರ್ಬೇಕೇ?"